ಚಿತ್ರಕ್ಕೆ ಬೆನ್ನು ಕೊಟ್ಟವಳು

ಕ್ಷಮೆ ಕೇಳಬೇಕಂತೆ.

ಮ್ಯೂಸಿಯಂನ ಹಿಂಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಗೋಡೆಯಕ್ಕ ಇನ್ನೂ ಚಪ್ಪಲಿ ಬಿಟ್ಟು ಬೂಟಿನೊಳಗೆ ಕಾಲು ತೂರಿಸುತ್ತಿದ್ದಳು. ಆಗಲೇ ಸೂಪರ್‌ವೈಸರ್ ಬಂದು ಬಾಗಿಲಿಗೆ ಒರಗಿಕೊಂಡು ಆ ಮಾತು ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ವಾಕಿಟಾಕಿಯ ಗುಂಡಿ ತಿರುಗಿಸುತ್ತ, ಅದಕ್ಕೇ ಹೇಳುತ್ತಿರುವವನ ಹಾಗೆ ಹೇಳಿದ.

"ಯಾರು ಯಾರ ಹತ್ರ ಕೇಳ್ಬೇಕು?" ಎಂದಳು ಗೋಡೆಯಕ್ಕ.

"ನೀವು. ಅವರ ಹತ್ರ."

"ಚಾಕು ತಂದೋರು ಅವರು. ತೋಳು ಹರಿಸ್ಕೊಂಡೋಳು ನಾನು. ಈಗ ಕ್ಷಮೆ ಕೇಳೋಳೂ ನಾನೇ."

"ಅಕ್ಕ, ಬೆಳಗ್ಗೆ ಬೆಳಗ್ಗೆ ಶುರು ಮಾಡ್ಬೇಡಿ. ಮೇಲಿಂದ ಹೇಳಿದಾರೆ, ನಾನು ನಿಮಗೆ ಹೇಳ್ತಿದೀನಿ."

ಅವನೇನೂ ಕೆಟ್ಟವನಲ್ಲ. ಆದರೆ ಮೇಲಿನಿಂದ ಏನೇ ಬಂದರೂ 'ಓಕೆ ಸಾರ್' ಎನ್ನುವುದು ಅವನ ನಾಲಗೆಗೆ ಎಷ್ಟು ರೂಢಿಯಾಗಿತ್ತೆಂದರೆ, ಸೆಕ್ಯುರಿಟಿಯವರೆಲ್ಲ ಬೆನ್ನ ಹಿಂದೆ ಅವನನ್ನು ಓಕೆಸಾರ್ ಎಂದೇ ಕರೆಯುತ್ತಿದ್ದರು. ಹೆಂಡತಿ ತರಕಾರಿ ತಾ ಅಂದರೂ ಅವನು ಹಾಗೇ ಅನ್ನುತ್ತಾನೆಂದು ಒಂದು ಸುದ್ದಿಯಿತ್ತು. ಮ್ಯೂಸಿಯಂನ ನಿರ್ದೇಶಕರು ಮಟಮಟ ಮಧ್ಯಾಹ್ನ ಕತ್ತಲಾಯಿತು ಅಂದರೆ ಟಾರ್ಚು ಹುಡುಕುವ ಪೈಕಿ.

ಗೋಡೆಯಕ್ಕನ ಎದೆಯ ಪಟ್ಟಿಯ ಮೇಲೆ 'ಸೆಕ್ಯುರಿಟಿ ಆಫೀಸರ್' ಎಂದು ಬರೆದಿದೆ. ಆಫೀಸೂ ಇಲ್ಲ, ಕೂರಲು ಕುರ್ಚಿಯೂ ಇಲ್ಲ, ಆಫೀಸರ್ ಮಾತ್ರ ಇದ್ದಾಳೆ. ಮಹಡಿಯ ಮೇಲಿನ ದೊಡ್ಡ ಹಾಲು ಅವಳ ಪಾಲಿನದು. ಹೊಸಬರು ಕೆಲಸಕ್ಕೆ ಸೇರಿದಾಗ ಕಲಿಸುವವಳೂ ಅವಳೇ. ಚಿತ್ರ ನೋಡುತ್ತ ನಿಲ್ಲಬೇಡಿ, ಅದೆಲ್ಲಿಗೂ ಓಡಿಹೋಗುವುದಿಲ್ಲ, ಬಂದವರ ಕೈ ನೋಡಿ ಎನ್ನುತ್ತಿದ್ದಳು. ಯಾರ ಮೈಯನ್ನೂ ಮುಟ್ಟುವ ಹಾಗಿಲ್ಲ. ಯಾವುದಾದರೂ ಕೈ ಚಿತ್ರದ ಕಡೆ ಹೊರಟಿತೋ, ನಡುವೆ ಹೋಗಿ ನಿಂತುಬಿಡಬೇಕು. ಚಿತ್ರಕ್ಕೆ ಬೆನ್ನು, ಜನಕ್ಕೆ ಎದೆ, ತನ್ನೆರಡೂ ಕೈ ಹಿಂದೆ. ಆಮೇಲೆ ಮೆಲ್ಲಗೆ, 'ಸ್ವಲ್ಪ ಹಿಂದೆ ಬನ್ನಿ' ಎನ್ನಬೇಕು. ಹೀಗೆ ನಿಂತೂ ನಿಂತೂ ಅವಳಿಗೆ ಗೋಡೆಯಕ್ಕ ಎಂಬ ಹೆಸರು ಬಿದ್ದದ್ದು. ಹೆಸರಿಟ್ಟವರು ತಮಾಷೆಗೆ ಇಟ್ಟರು, ಅವಳು ಅದನ್ನು ಬಿರುದಿನ ಹಾಗೆ ಇಟ್ಟುಕೊಂಡಳು.

ಮುಖ ನೋಡುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು. ಒಂದು ಸಲ ಸ್ವಂತ ನಾದಿನಿ ಮ್ಯೂಸಿಯಂ ನೋಡಲು ಬಂದು, ಒಂದು ಚಿತ್ರದ ಕಡೆ ಬೆರಳು ಚಾಚಿ, 'ಸ್ವಲ್ಪ ಹಿಂದೆ ಬನ್ನಿ ಮೇಡಂ' ಅನ್ನಿಸಿಕೊಂಡು, ಮೂತಿ ಊದಿಸಿಕೊಂಡು ಮನೆಗೆ ಹೋಗಿದ್ದಳು. ಆಮೇಲೆ ಎಷ್ಟೋ ದಿನ ಅತ್ತಿಗೆಯ ಹತ್ತಿರ ಮಾತೇ ಇಲ್ಲ.

ಹಿಂದಿನ ದಿನದ ಯಡವಟ್ಟೂ ಆದದ್ದು ಇದರಿಂದಲೇ. ದೊಡ್ಡ ಹಾಲಿನಲ್ಲಿ ಒಬ್ಬ ಹಿರಿಯ ಚಿತ್ರಕಾರರ ಜೀವಮಾನದ ಕೆಲಸವನ್ನೆಲ್ಲ ತೂಗುಹಾಕಿದ್ದರು. ಆ ವಾರವೇ ಅವರಿಗೆ ಅಲ್ಲಿ ಸನ್ಮಾನ. ಗೇಟಿನಿಂದ ಮೆಟ್ಟಿಲವರೆಗೆ ಅವರ ಮುಖದ್ದೇ ಬ್ಯಾನರು. ಬ್ಯಾನರಿನಲ್ಲಿ ಕೈ ಇರಲಿಲ್ಲ, ಹಾಗಾಗಿ ಗೋಡೆಯಕ್ಕನಿಗೆ ಅವರ ಗುರುತಿರಲಿಲ್ಲ. ಅವಳಿಗೆ ಕಂಡದ್ದು ಉಗುರಿನ ಸಂದಿಯಲ್ಲಿ ಬಣ್ಣ ಕಟ್ಟಿಕೊಂಡ, ಕೊಂಚ ನಡುಗುವ ಒಂದು ಮುದಿ ಕೈ. ಅದು ಕೋಟಿನ ಜೇಬಿಗೆ ಹೋಯಿತು, ಬಣ್ಣ ಕೆರೆಯುವ ಚಪ್ಪಟೆ ಚಾಕು ಹಿಡಿದು ಹೊರಬಂತು. ಬಾಗಿಲಲ್ಲಿ ಎಲ್ಲರ ಚೀಲ ಜಾಲಾಡುತ್ತಾರಲ್ಲ, ಇದು ಹೇಗೆ ಒಳಗೆ ಬಂತು ಎಂದು ಯಾರಾದರೂ ಕೇಳಬಹುದು. ಅವರು ಬಂದದ್ದು ಗಣ್ಯರ ಬಾಗಿಲಿನಿಂದ. ಅಲ್ಲಿ ತಪಾಸಣೆಯಿಲ್ಲ. ಗಣ್ಯರ ಜೇಬಿನಲ್ಲಿ ಚಾಕು ಇರುವುದಿಲ್ಲವೆಂದು ಮೇಲಿನವರು ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಚಾಕು ಹೊರಟದ್ದು ಕಿಟಕಿಯ ಪಕ್ಕ ಕೂತ ಒಬ್ಬ ಹೆಂಗಸಿನ ಚಿತ್ರದ ಕಡೆಗೆ. ಆ ಚಿತ್ರ ಮ್ಯೂಸಿಯಂನದೂ ಅಲ್ಲ. ನಿವೃತ್ತಿಯಾದ ಒಬ್ಬ ಟೀಚರಮ್ಮನ ಮನೆಯ ಗೋಡೆಯ ಮೇಲಿದ್ದದ್ದನ್ನು, ಚಿತ್ರಕಾರರ ಸನ್ಮಾನ ಮುಗಿದ ಮೇಲೆ ಜೋಪಾನವಾಗಿ ವಾಪಸ್ ಕೊಡುತ್ತೇವೆಂದು ಕೇಳಿ ತಂದದ್ದು. ಗೋಡೆಯಕ್ಕ ಯೋಚಿಸಲಿಲ್ಲ. ಹೋಗಿ ನಡುವೆ ನಿಂತಳು. ಚಾಕು ಅವಳ ತೋಳಿನ ಬಟ್ಟೆಯನ್ನು ಸೀಳಿ, ಚರ್ಮದ ಮೇಲೆ ಒಂದು ಗೀರು ಎಳೆದು ನಿಂತಿತು.

"ಸ್ವಲ್ಪ ಹಿಂದೆ ಬನ್ನಿ," ಎಂದಳು.

"ಇದು ನನ್ನ ಚಿತ್ರ."

"ಇರ್ಲಿ ಸಾರ್. ಹಿಂದೆ ಬನ್ನಿ."

"ನಾನೇ ಬರೆದದ್ದು ಅಂತ ಹೇಳ್ತಿದೀನಿ. ಕಿವಿ ಕೇಳಲ್ವಾ ನಿನಗೆ?"

"ಯಾರು ಬರೆದಿದ್ರೂ ಅಷ್ಟೇ ಸಾರ್."

ಅಷ್ಟರಲ್ಲಿ ಸುತ್ತ ಇದ್ದವರ ಮೊಬೈಲುಗಳು ಮೇಲೆದ್ದಿದ್ದವು. ನಿರ್ದೇಶಕರು ಏದುಸಿರು ಬಿಡುತ್ತ ಓಡಿಬಂದರು. ಬಂದವರು ಅವಳ ತೋಳು ನೋಡಲಿಲ್ಲ, ಚಾಕು ನೋಡಲಿಲ್ಲ. ಚಿತ್ರಕಾರರ ಮುಂದೆ ಬಾಗಿ, ನೀರು ತರಿಸಲೇ, ಕೂರುತ್ತೀರಾ, ಬೇಜಾರಾಯಿತಾ ಎಂದು ಹೊಸ ಅಳಿಯನನ್ನು ಉಪಚರಿಸಿದ ಹಾಗೆ ಉಪಚರಿಸಿದರು. ಆ ಕ್ಷಣದಿಂದಲೇ ಗೋಡೆಯಕ್ಕನನ್ನು ಹಾಲಿನಿಂದ ಇಳಿಸಿ ಕೆಳಗೆ ಬ್ಯಾಗ್ ಕೌಂಟರಿಗೆ ಹಾಕಿದರು.

ಮನೆಯಲ್ಲಿ ಆ ಸಂಜೆ ಎರಡು ಪಕ್ಷ. ಮಗಳು ಕಾಲೇಜಿನಿಂದ ಬರುವಾಗಲೇ ಮೊಬೈಲಿನಲ್ಲಿ ಎಲ್ಲ ನೋಡಿಕೊಂಡು ಬಂದಿದ್ದಳು.

"ಅಮ್ಮ, ಅವರು ಏನಾದ್ರೂ ಅಂದ್ರೆ ನೀನು ಬಗ್ಗಬೇಡ. ಎಲ್ರೂ ನಿನ್ನ ಕಡೆನೇ ಇದಾರೆ."

"ಎಲ್ರೂ ಅಂದ್ರೆ ಯಾರೇ? ಸಂಬಳ ಕೊಡೋರು ಇದಾರಾ ಅದರಲ್ಲಿ?" ಎಂದ ಗಂಡ. ಅವನದು ಮೂರು ಕುರ್ಚಿಯ ಕಟಿಂಗ್ ಶಾಪು. ಹೆಂಡತಿಯ ತೋಳಿಗೆ ತನ್ನ ಅಂಗಡಿಯ ಪಟಿಕವನ್ನೇ ಒತ್ತಿ ಹಿಡಿದಿದ್ದ. "ನೋಡು, ನಾನು ದಿನಾ ಜನರ ಕುತ್ತಿಗೆ ಹತ್ರ ಕತ್ತಿ ಹಿಡ್ಕೊಂಡು ನಿಲ್ತೀನಿ, ಒಬ್ರೂ ಅಡ್ಡ ಬಂದಿಲ್ಲ. ಕಟಿಂಗ್ ಚೆನ್ನಾಗಿದ್ರೂ ಗಿರಾಕಿ ಮುಖ ಹುಳ್ಳಗೆ ಮಾಡಿದ್ರೆ 'ತಪ್ಪಾಯ್ತಣ್ಣ' ಅಂತೀನಿ. ಬಾಯೇನು ಸವೆಯುತ್ತಾ?"

"ನಿಮ್ಮದು ಕೂದಲು, ಮತ್ತೆ ಬೆಳೆಯುತ್ತೆ," ಎಂದು ಗೋಡೆಯಕ್ಕ ತೋಳು ಎಳೆದುಕೊಂಡಳು.

ಅವಳಿಗೆ ಹೊಟ್ಟೆಯುರಿದದ್ದು ಗೀರಿಗಲ್ಲ. ಬ್ಯಾಗ್ ಕೌಂಟರಿಗೆ ಹಾಕಿದ್ದಕ್ಕೆ. ಇಷ್ಟು ವರ್ಷ ಒಂದು ಉಗುರೂ ಒಂದು ಚಿತ್ರಕ್ಕೆ ತಾಗದ ಹಾಗೆ ಕಾದವಳು ಈಗ ಛತ್ರಿ ಇಸಿದುಕೊಂಡು ಬಿಲ್ಲೆ ಕೊಡಬೇಕು. ಕೆಲಸ ಕೆಟ್ಟದಾಗಿ ಮಾಡಿದ್ದಕ್ಕೆ ಶಿಕ್ಷೆ ಕೊಟ್ಟರೆ ನುಂಗಬಹುದು, ಸರಿಯಾಗಿ ಮಾಡಿದ್ದಕ್ಕೆ ಕೊಟ್ಟರೆ ಅದು ಗಂಟಲಲ್ಲೇ ನಿಲ್ಲುತ್ತದೆ.

ಆದ್ದರಿಂದ ಓಕೆಸಾರ್ ಬಂದು ಕ್ಷಮೆ ಎಂದಾಗ ಅವಳು ನೇರವಾಗಿ ಕೇಳಿದಳು. "ಕೇಳಿದ್ರೆ ನನ್ನ ಹಾಲು ನನಗೆ ವಾಪಸ್ ಕೊಡ್ತೀರಾ?"

"ಕೊಡ್ತಾರೆ ಅಕ್ಕ. ಸಾಹೇಬ್ರೇ ಹೇಳಿದಾರೆ. ಬರೀ ಒಂದು ಮಾತು. ಇಲ್ಲ ಅಂದ್ರೆ ಅವರು ಸನ್ಮಾನಕ್ಕೇ ಬರಲ್ಲ ಅಂತ ಕೂತಿದಾರೆ. ಹಂಗಾದ್ರೆ ನಿಮ್ಮ ಜೊತೆ ನನ್ನ ಕೆಲಸಾನೂ ಹೋಗುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

ಹಾಲಿಗಾಗಿ ಅವಳು ಒಪ್ಪಿಕೊಂಡಳು. ಇದು ನೆನಪಿನಲ್ಲಿರಲಿ. ಗಂಡನ ಮಾತಿಗೂ ಅಲ್ಲ, ಓಕೆಸಾರ್ ಕಾಲಿಗೆ ಬೀಳುತ್ತೇನೆಂದದ್ದಕ್ಕೂ ಅಲ್ಲ.

ನಿರ್ದೇಶಕರ ಕೋಣೆಯಲ್ಲಿ ಚಿತ್ರಕಾರರು ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಗೋಡೆಯಕ್ಕ ಬಾಗಿಲ ಹತ್ತಿರ ನಿಂತು, "ತಪ್ಪಾಯ್ತು ಸಾರ್," ಎಂದಳು. ಅಷ್ಟಕ್ಕೆ ಬಿಡಬಹುದಿತ್ತು. ಮನುಷ್ಯತ್ವ ಇದ್ದವರು ಬಿಡುತ್ತಿದ್ದರು.

"ಏನು ತಪ್ಪಾಯ್ತು ಅಂತ ಬಿಡಿಸಿ ಹೇಳಮ್ಮ," ಎಂದರು ನಿರ್ದೇಶಕರು, ಮಗುವಿಗೆ ಮಗ್ಗಿ ಹೇಳಿಸುವವರ ಹಾಗೆ.

"ಸಾರ್‌ನ ತಡೆದದ್ದು ನನ್ನ ತಪ್ಪು."

"ಇನ್ಮೇಲೆ?"

"ಇನ್ಮೇಲೆ ತಡೆಯಲ್ಲ."

"ಹೋಗ್ಲಿ ಬಿಡಮ್ಮ. ಗೊತ್ತಿಲ್ಲದೆ ಮಾಡಿದೀಯ," ಎಂದು ಚಿತ್ರಕಾರರು ಕೈ ಆಡಿಸಿದರು. ದೊಡ್ಡ ಮನಸ್ಸು ಮಾಡಿದೆ ಎಂಬ ತೃಪ್ತಿ ಆ ಕೈಯಲ್ಲೇ ಕಾಣುತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೇ ಮಾಡಿದ್ದು, ಗೊತ್ತಿರುವುದಕ್ಕೇ ಸಂಬಳ ಕೊಡುತ್ತಾರೆ ಎಂಬ ಮಾತು ಗೋಡೆಯಕ್ಕನ ನಾಲಗೆಯ ತುದಿಗೆ ಬಂದಿತ್ತು. ಹಾಲು ನೆನಪಾಗಿ ಸುಮ್ಮನಾದಳು.

ಹೊರಗೆ ಬಂದವಳೇ ಮೆಟ್ಟಿಲ ಕಡೆ ತಿರುಗಿದರೆ, ಓಕೆಸಾರ್ ಅಡ್ಡ ನಿಂತ. "ಈಗಲೇ ಬೇಡ ಅಕ್ಕ. ಸನ್ಮಾನ ಮುಗೀಲಿ. ಅಲ್ಲೀವರೆಗೆ ಕೆಳಗೇ ಇರಿ."

"ಮಾತು ಕೊಟ್ಟಿದ್ರಲ್ಲ."

"ಕೊಟ್ಟಿದ್ದು ಹೌದು. ಯಾವಾಗ ಅಂತ ಹೇಳಿರ್ಲಿಲ್ಲ," ಎಂದವನು, ತನಗೇ ನಾಚಿಕೆಯಾಗಿ ವಾಕಿಟಾಕಿಯ ಕಡೆ ನೋಡಿದ.

ಅದೇ ಮಧ್ಯಾಹ್ನ, ಅವಳ ಬದಲು ಹಾಲಿನಲ್ಲಿ ನಿಲ್ಲಿಸಿದ್ದ ಉದ್ದಣ್ಣ ಟೀ ಕುಡಿಯಲು ಕೆಳಗಿಳಿದು ಬಂದ. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರದ ಆಳು. ಅಂದು ಬಾಗಿಲು ದಾಟಿದ ಮೇಲೂ ತಲೆ ಎತ್ತಲಿಲ್ಲ.

"ಅಕ್ಕ, ಕೋಪ ಮಾಡ್ಕೋಬೇಡಿ. ಸಾಹೇಬ್ರೇ ಅವರನ್ನ ಕರ್ಕೊಂಡು ಬಂದ್ರು. ಹಾಲು ಖಾಲಿ ಮಾಡ್ಸಿದ್ರು. ನನ್ನನ್ನ ಹೊರಗೆ ವರಾಂಡದಲ್ಲಿ ನಿಲ್ಲು ಅಂದ್ರು."

"ನಿಂತ್ಯಾ?"

"ನಿಂತೆ. ಏನು ಮಾಡ್ಲಿ, ನೀವು ಕ್ಷಮೆ ಕೇಳಿದ್ದು ಆಗಲೇ ಎಲ್ರಿಗೂ ಗೊತ್ತಾಗಿತ್ತು. ನೀವೇ ಕೇಳಿದ ಮೇಲೆ ನಾನ್ಯಾವ ಲೆಕ್ಕ?" ಅವನು ಟೀಯ ಲೋಟವನ್ನು ಕೈಯಲ್ಲೇ ತಿರುಗಿಸಿದ. "ಒಳಗೆ ಕೆರೆಯೋ ಸದ್ದು ಕೇಳಿಸ್ತಿತ್ತು ಅಕ್ಕ."

ಗೋಡೆಯಕ್ಕನಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ತನ್ನ ಮೇಲೆಯೇ. ಚಿತ್ರಕಾರರಿಗೆ ಹಿಂದಿನ ದಿನ ತೆರೆಯದಿದ್ದ ಬಾಗಿಲನ್ನು ಇವತ್ತು ತೆರೆದದ್ದು ತನ್ನದೇ ಬಾಯಿ. ಕೌಂಟರಿನ ಮುಂದೆ ಒಬ್ಬರು ಬಿಲ್ಲೆ ಹಿಡಿದು ಎರಡು ಸಲ ಕರೆದರೂ ಅವಳಿಗೆ ಕೇಳಿಸಲಿಲ್ಲ. ಆಮೇಲೆ ಓಕೆಸಾರ್‌ನನ್ನು ಹಿಡಿದು ಕೇಳಿದರೆ, "ನೀವೇನೂ ಕೇಳಿಸ್ಕೊಂಡಿಲ್ಲ, ನಾನೇನೂ ಹೇಳಿಲ್ಲ," ಎಂದು ಕೈ ತೊಳೆದುಕೊಂಡ.

ಮರುದಿನವೇ ಸನ್ಮಾನ. ಬೆಳಗ್ಗೆ ಟೀಚರಮ್ಮ ಬೇಗನೇ ಬಂದರು. ಬೆಳ್ಳಗಿನ ತಲೆ, ಕೈಯಲ್ಲೊಂದು ಊರುಗೋಲು, ಹೆಗಲಿಗೆ ಬಟ್ಟೆಯ ಚೀಲ. ಚೀಲವನ್ನು ಕೌಂಟರಿನಲ್ಲಿ ಕೊಟ್ಟು, "ನಮ್ಮಮ್ಮನ್ನ ನೋಡಿ ಬರ್ತೀನಿ. ಮನೇಲಿ ಗೋಡೆ ಭಣ ಭಣ ಅಂತಿದೆ," ಎಂದು ಗೋಡೆಯಕ್ಕನ ಹತ್ತಿರ ನಗುತ್ತ ಹೇಳಿ ಮೆಟ್ಟಿಲು ಹತ್ತಿದರು. ಗೋಡೆಯಕ್ಕನಿಗೆ ಅವರನ್ನು ತಡೆಯಬೇಕೆನ್ನಿಸಿತು. ಏನೆಂದು ತಡೆಯುವುದು?

ಸ್ವಲ್ಪ ಹೊತ್ತಿನಲ್ಲೇ ಮೇಲಿನಿಂದ ಗದ್ದಲ. ಓಕೆಸಾರ್ ಮೆಟ್ಟಿಲಿಳಿದು ಓಡಿಬಂದ. ಅವನ ಹಣೆಯಲ್ಲಿ ಬೆವರಿತ್ತು. "ಅಕ್ಕ, ಸಾಹೇಬ್ರು ಕರೀತಿದಾರೆ. ಅವರು ಏನು ಹೇಳಿದ್ರೂ ಹೂಂ ಅಂದ್ಬಿಡಿ. ಕೈ ಮುಗೀತೀನಿ."

ಹಾಲಿನಲ್ಲಿ ಹೂವಿನ ಹಾರ, ಶಾಲು, ಮೈಕು ಎಲ್ಲ ಸಿದ್ಧವಾಗಿದ್ದವು. ಬಂದಿದ್ದ ಹತ್ತಾರು ಗಣ್ಯರು ಕಿಟಕಿಯ ಹೆಂಗಸಿನ ಚಿತ್ರದ ಸುತ್ತ ನಿಂತಿದ್ದರು. ಟೀಚರಮ್ಮ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಚಿತ್ರದ ಮುಂದೆ ನಿಂತಿದ್ದರು.

"ಇದು ನಮ್ಮಮ್ಮ ಅಲ್ಲ. ನಮ್ಮಮ್ಮನಿಗೆ ಮೆಳ್ಳೆಗಣ್ಣು. ಬೈಯುವಾಗ ನನ್ನನ್ನ ಬೈತಿದಾಳೋ ನನ್ನ ತಂಗೀನ ಬೈತಿದಾಳೋ ಗೊತ್ತಾಗ್ದೆ ಇಬ್ರೂ ಒಟ್ಟಿಗೆ ಅಳ್ತಿದ್ವಿ. ಆ ಕಣ್ಣು ಎಲ್ಲಿ? ಯಾರು ತೆಗೆದದ್ದು?"

"ಅಮ್ಮಾ, ಸಮಾಧಾನ ಮಾಡ್ಕೊಳ್ಳಿ," ಎಂದರು ನಿರ್ದೇಶಕರು. "ನೋಡೋಕೆ ಬಂದೋರಲ್ಲಿ ಯಾರೋ ಕಿಡಿಗೇಡಿ ಮಾಡಿರ್ಬೇಕು. ಈ ಹಾಲಿನ ಸೆಕ್ಯುರಿಟಿಯವಳ ಅಜಾಗರೂಕತೆ. ನಾವು ಸುಮ್ನೆ ಕೂತಿಲ್ಲ, ಆಗಲೇ ಅವಳನ್ನ ಇಲ್ಲಿಂದ ತೆಗೆದು ಕೆಳಗೆ ಹಾಕಿದೀವಿ. ಇವಳೇ. ಬಾಮ್ಮ, ಇವರ ಹತ್ರ ಕ್ಷಮೆ ಕೇಳು."

ಗೋಡೆಯಕ್ಕನಿಗೆ ಒಂದು ಕ್ಷಣ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ತಡೆದದ್ದಕ್ಕೆ ಕೊಟ್ಟ ಶಿಕ್ಷೆಯನ್ನೇ ತಿರುಗಿಸಿ, ತಡೆಯದಿದ್ದದ್ದಕ್ಕೆ ಸಾಕ್ಷಿ ಮಾಡಿದ್ದರು. ಅವಳು ಚಿತ್ರಕಾರರ ಕಡೆ ನೋಡಿದಳು. ಇದು ನನ್ನ ಚಿತ್ರ ಎಂದು ಹಾಲಿನ ಸೂರು ಹಾರಿಹೋಗುವ ಹಾಗೆ ಕೂಗಿದ ಮನುಷ್ಯ ಈಗ ಬಾಯಿಗೆ ಬೀಗ ಹಾಕಿಕೊಂಡು, ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು, ಬೇರೆ ಯಾವುದೋ ಚಿತ್ರ ನೋಡುತ್ತ ನಿಂತಿದ್ದರು.

"ಯಾವುದಕ್ಕೆ ಕ್ಷಮೆ ಸಾರ್?" ಎಂದಳು. ದನಿ ಏರಿಸಲಿಲ್ಲ. "ಮೊನ್ನೆ ಈ ಸಾರ್ ಚಾಕು ತಂದ್ರು, ನಾನು ಅಡ್ಡ ನಿಂತೆ. ಅದು ತಪ್ಪು ಅಂತ ನಿಮ್ಮ ಕೋಣೇಲಿ ನನ್ನ ಬಾಯಲ್ಲಿ ಹೇಳ್ಸಿದ್ರಿ. ಆಮೇಲೆ ನೀವೇ ಹಾಲು ಖಾಲಿ ಮಾಡ್ಸಿ ಅವರನ್ನ ಒಳಗೆ ಬಿಟ್ರಿ. ಈಗ ತಡೀಲಿಲ್ಲ ಅಂತ ಕೇಳ್ಬೇಕಾ? ಯಾವುದಾದ್ರೂ ಒಂದು ಹೇಳಿ. ಎರಡೂ ನನ್ನ ಕೈಲಿ ಆಗಲ್ಲ."

ಓಕೆಸಾರ್ ಹಿಂದೆ ಸರಿದು ಗೋಡೆಗೆ ಅಂಟಿಕೊಂಡ.

ಟೀಚರಮ್ಮ ಮೆಲ್ಲಗೆ ಚಿತ್ರಕಾರರ ಕಡೆ ತಿರುಗಿದರು. "ನೀವಾ?"

ಚಿತ್ರಕಾರರು ಕೊನೆಗೂ ಈ ಕಡೆ ತಿರುಗಿದರು. "ನೋಡಿ, ಆ ಕಣ್ಣು ನೋಡಿದೋರೆಲ್ಲ ಇವನಿಗೆ ಆಗ ಕಣ್ಣು ಬರೆಯೋಕೆ ಬರ್ತಿರ್ಲಿಲ್ಲ ಅಂತ ಅನ್ಕೊಳ್ತಾರೆ. ಇಷ್ಟು ವರ್ಷ ಅನ್ಕೊಂಡಿದಾರೆ. ನಾಳೆ ನಾನು ಹೋದ ಮೇಲೂ ಅನ್ಕೊಳ್ತಾರೆ. ಸರಿಮಾಡಿದೆ ಅಷ್ಟೇ."

"ನಮ್ಮಮ್ಮನ್ನ ಸರಿಮಾಡಿದ್ರಾ?"

ಉತ್ತರ ಬಂದದ್ದು ನಿರ್ದೇಶಕರಿಂದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವರು ವರಸೆ ಬದಲಿಸಿದ್ದರು. ಕಿಡಿಗೇಡಿಯೂ ಹೋದ, ಅಜಾಗರೂಕತೆಯೂ ಹೋಯಿತು. ಈಗ ಅದು ಕಲಾವಿದನ ಮರುಚಿಂತನೆ, ಚಿತ್ರದ ಹೊಸ ಹುಟ್ಟು, ಇಂಥ ಭಾಗ್ಯ ಎಲ್ಲರ ಮನೆಯ ಚಿತ್ರಕ್ಕೂ ಸಿಗುವುದಿಲ್ಲ. ತಿಪ್ಪೆ ಸಾರಿಸಲು ಇಷ್ಟು ಒಳ್ಳೆಯ ಪದಗಳನ್ನು ಬಳಸುವವರನ್ನು ಗೋಡೆಯಕ್ಕ ಅಲ್ಲಿಯವರೆಗೆ ಕಂಡಿರಲಿಲ್ಲ. ಮಾತಿನ ನಡುವೆಯೇ ಅವರು ಅವಳ ಕಡೆ ಬೆರಳಾಡಿಸಿ, "ಆಯ್ತು, ನೀನು ಹೋಗಮ್ಮ," ಎಂದರು.

ಟೀಚರಮ್ಮ ಅವರ ಮಾತು ಕೇಳುತ್ತಲೇ ಇರಲಿಲ್ಲ. ಬಂದು ಗೋಡೆಯಕ್ಕನ ಕೈ ಹಿಡಿದುಕೊಂಡರು. "ಇಷ್ಟು ದಿನ ನಮ್ಮಮ್ಮನ ಜೊತೆ ಇದ್ದೋಳು ನೀನು. ನನ್ನ ತಂಗಿ ಹೋದ ಮೇಲೆ ಆ ಕಣ್ಣು ಬಲ್ಲೋರು ನನ್ನ ಬಿಟ್ರೆ ಯಾರೂ ಇಲ್ಲ. ನೀನು ದಿನಾ ನೋಡಿರ್ತೀಯ. ಹೇಗಿತ್ತು ಹೇಳು. ಬರೀ ವಕ್ರ ಅಲ್ಲ ಅಲ್ವಾ ಅದು? ನಗು ಇತ್ತು ಅಲ್ವಾ ಅದರಲ್ಲಿ?"

ಗೋಡೆಯಕ್ಕ ಬಾಯಿ ತೆರೆದಳು. ಇತ್ತು ಎಂದರೆ ಆ ಮುದಿಜೀವಕ್ಕೆ ನೆಮ್ಮದಿಯಾಗುತ್ತಿತ್ತು. ಆದರೆ ಒಂದು ಸಲ ಸುಳ್ಳು ಹೇಳಿ ಆದದ್ದು ಕಣ್ಣೆದುರೇ ತೂಗುತ್ತಿತ್ತು.

"ನಾನು ನೋಡಿಲ್ಲಮ್ಮ," ಎಂದಳು. "ಒಂದು ದಿನಾನೂ ನೋಡ್ಲಿಲ್ಲ. ಬೆನ್ನು ಕೊಟ್ಟೇ ನಿಂತಿದ್ದೆ. ನನ್ನ ಕೆಲಸ ಅದು. ಜನರ ಕೈ ನೋಡೋದು. ನಿಮ್ಮಮ್ಮನಿಗೆ ಏನೂ ಆಗ್ಬಾರ್ದು ಅಂತ."

ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಅಳುವಿಗಿಂತ ಹೆಚ್ಚಾಗಿ ಅದು ಸಿಟ್ಟು. ಮೊಟ್ಟಮೊದಲ ಸಲ ಅವಳು ತಿರುಗಿ ಆ ಹೆಂಗಸಿನ ಮುಖವನ್ನು ನೇರವಾಗಿ ನೋಡಿದಳು. ನೆಟ್ಟಗಿನ, ಸುಂದರವಾದ, ಯಾರನ್ನೂ ನೋಡದ ಎರಡು ಕಣ್ಣು. ಒಂದರ ಸುತ್ತ ಬಣ್ಣ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

ಟೀಚರಮ್ಮ ಹಿಡಿದ ಕೈ ಬಿಡಲಿಲ್ಲ. ಗೋಡೆಯಕ್ಕ ಚಿತ್ರದ ಕಡೆಯಿಂದ ಚಿತ್ರಕಾರರ ಕಡೆ ತಿರುಗಿದಳು.

"ಸಾರ್, ಮೊನ್ನೆ ನಿಮ್ಮನ್ನ ತಡೆದದ್ದು ತಪ್ಪು ಅಂತ ನಿನ್ನೆ ಅಂದೆ. ಅದು ತಪ್ಪಾಗಿರ್ಲಿಲ್ಲ. ನನ್ನ ಹಾಲು ಸಿಗುತ್ತೆ ಅಂತ ಸುಳ್ಳು ಹೇಳಿದೆ. ಆ ಕ್ಷಮೆ ನನಗೆ ವಾಪಸ್ ಬೇಕು."

"ಇದೇನಮ್ಮ ಹುಡುಗಾಟ," ಎಂದರು ನಿರ್ದೇಶಕರು. "ಕ್ಷಮೆ ಎಲ್ಲಾದ್ರೂ ವಾಪಸ್ ಕೊಡೋಕಾಗುತ್ತಾ? ಹೋಗು, ಕೆಳಗೆ ಜನ ಕಾಯ್ತಿದಾರೆ."

"ಅವಳದ್ದು ಅವಳಿಗೆ ಕೊಟ್ಬಿಡಿ," ಎಂದರು ಟೀಚರಮ್ಮ, ಹಿಂದಿನ ಬೆಂಚಿನವರೆಗೂ ಕೇಳಿಸುವ ದನಿಯಲ್ಲಿ. "ನನ್ನದಂತೂ ನಿಮ್ಮ ಕೈಲಿ ಕೊಡೋಕಾಗಲ್ಲ."

ಚಿತ್ರಕಾರರು ನಿರ್ದೇಶಕರ ಕಡೆ ನೋಡಿದರು. ನಿರ್ದೇಶಕರು ಮೈಕಿನ ಕಡೆ ನೋಡಿದರು. ಗೋಡೆಯಕ್ಕ ಕದಲಲಿಲ್ಲ. ನಿಂತು ಕಾಯುವುದು ಅವಳಿಗೇನೂ ಹೊಸದಾಗಿರಲಿಲ್ಲ.